ಸುಣ್ಣದ ಕಲ್ಲೂ ಶಾಖದ ತಕ್ಕಡಿಯೂ

ವೀಳ್ಯದೆಲೆಗೆ ಸವರುವ ಸುಣ್ಣವನ್ನೂ ಗೋಡೆಗೆ ಬಳಿಯುವ ಸುಣ್ಣವನ್ನೂ ನಾವೆಲ್ಲರೂ ಕಂಡಿದ್ದೇವೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿದರೆ ಅದು ದೊರೆಯುತ್ತದೆ. ಈ ಕಲ್ಲು ರಸಾಯನಶಾಸ್ತ್ರದ ಭಾಷೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧವಾದ 100 ಗ್ರಾಂ ಕಲ್ಲನ್ನು ಪೂರ್ಣವಾಗಿ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಬೆಂಕಿ ಹೆಚ್ಚಿದಷ್ಟೂ ಕಲ್ಲು ಬೇಗ ಬೇಯುವುದೆಂಬುದು ಗೂಡಿನವನಿಗೂ ಗೊತ್ತು. ಆದರೆ ಎಷ್ಟು ಬೇಗ? ಇದಕ್ಕೆ ಉತ್ತರವನ್ನು ಅಳೆದು ಹೇಳುವುದೇ ವಿಜ್ಞಾನದ ಕೆಲಸ.

ಮುಂಬಯಿಯಿಂದ ಪುಣೆಗೆ ಹೊರಟ ಗಾಡಿ ಖಂಡಾಳೆಯ ಘಟ್ಟವನ್ನು ಏರದೆ ಊರು ಸೇರಲಾರದು. ಹಾಗೆಯೇ ಪ್ರತಿಯೊಂದು ರಾಸಾಯನಿಕ ಕ್ರಿಯೆಗೂ ಏರಬೇಕಾದ ಒಂದು ಘಟ್ಟವುಂಟು. ಅದರ ಎತ್ತರವೇ ಸಕ್ರಿಯಣ ಶಕ್ತಿ. ಸ್ವೀಡನ್ನಿನ ಅರ್ಹೇನಿಯಸನು 1889ರಲ್ಲಿ ಕ್ರಿಯೆಯ ವೇಗಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ಈ ಶಕ್ತಿಯ ಮೂಲಕ ವಿವರಿಸಿದನು.

ಅದನ್ನು ಅಳೆಯಲು ಶಾಖದ ತಕ್ಕಡಿಯೆಂಬ ಉಪಕರಣವಿದೆ. ಜಪಾನಿನ ಕೊಟಾರೊ ಹೊಂಡಾ 1915ರಲ್ಲಿ ಇಂತಹದೊಂದನ್ನು ವರ್ಣಿಸಿದನು. ಪುಟ್ಟ ಬಟ್ಟಲಿನಲ್ಲಿ ಕೆಲವೇ ಮಿಲಿಗ್ರಾಂ ಪುಡಿಯನ್ನಿಟ್ಟು, ಸಾರಜನಕವನ್ನು ಹಾಯಿಸುತ್ತ, ಕುಲುಮೆಯ ಉಷ್ಣತೆಯನ್ನು ಗೊತ್ತಾದ ವೇಗದಿಂದ ಏರಿಸುತ್ತಾರೆ. ತೂಕ ಇಳಿಯುವ ಬಗೆ ರೇಖೆಯಾಗಿ ಮೂಡುತ್ತದೆ.

ಕುಲುಮೆಯನ್ನು ಬೇಗಬೇಗನೆ ಕಾಯಿಸಿದರೆ ಪ್ರತಿಯೊಂದು ಡಿಗ್ರಿಯಲ್ಲಿಯೂ ಪುಡಿಗೆ ದೊರೆಯುವ ಕಾಲ ಕಡಿಮೆ. ಆದ್ದರಿಂದ ಅಷ್ಟೇ ತೂಕ ನಷ್ಟವಾಗುವುದು ಹೆಚ್ಚಿನ ಉಷ್ಣತೆಯಲ್ಲಿ. ಈ ಸರಿತವೇ ಘಟ್ಟದ ಎತ್ತರವನ್ನು ತಿಳಿಸುವ ಸುಳಿವು. ಜಪಾನಿನ ಒಜಾವಾ 1965ರಲ್ಲಿಯೂ ಅಮೆರಿಕದ ಫ್ಲಿನ್ ಮತ್ತು ವಾಲ್ 1966ರಲ್ಲಿಯೂ ಇದಕ್ಕೊಂದು ಸುಲಭ ಲೆಕ್ಕವನ್ನು ತೋರಿಸಿಕೊಟ್ಟರು.

ಉದಾಹರಣೆಗೆ, ನಿಮಿಷಕ್ಕೆ 5 ಡಿಗ್ರಿಯಂತೆ ಕಾಯಿಸಿದಾಗ ನಷ್ಟದ ಅರ್ಧಭಾಗ 1000 ಕೆಲ್ವಿನ್‌ನಲ್ಲಿಯೂ, 20 ಡಿಗ್ರಿಯಂತೆ ಕಾಯಿಸಿದಾಗ 1060 ಕೆಲ್ವಿನ್‌ನಲ್ಲಿಯೂ ಮುಗಿಯಿತೆಂದು ಇಟ್ಟುಕೊಳ್ಳೋಣ. ವೇಗಗಳ ಅನುಪಾತ 4. ಅದರ ಸ್ವಾಭಾವಿಕ ಲಾಗರಿತಮ್ 1.386. ಇದನ್ನು ಅನಿಲ ಸ್ಥಿರಾಂಕವಾದ 8.314ರಿಂದ ಗುಣಿಸಿ 1.052ರಿಂದ ಭಾಗಿಸಬೇಕು. ಬಂದುದನ್ನು ಉಷ್ಣತೆಗಳ ವ್ಯುತ್ಕ್ರಮಗಳ ವ್ಯತ್ಯಾಸವಾದ 0.0000566ರಿಂದ ಮತ್ತೆ ಭಾಗಿಸಿದರೆ ಮೋಲಿಗೆ ಸುಮಾರು 194 ಕಿಲೋಜೌಲ್ ಎಂಬ ಉತ್ತರ ಬರುತ್ತದೆ.

ಲೆಕ್ಕ ಸುಲಭವೆಂದು ನಾವು ಮೈಮರೆಯಬಾರದು. ಎರಡನೆಯ ಉಷ್ಣತೆಯನ್ನು ತಪ್ಪಿ 1055 ಎಂದು ಓದಿದರೆ ಉತ್ತರ 210ಕ್ಕೆ ಜಿಗಿಯುತ್ತದೆ! ಐದೇ ಡಿಗ್ರಿಯ ತಪ್ಪಿಗೆ ಹದಿನಾರು ಕಿಲೋಜೌಲಿನ ದಂಡ. ಇದಲ್ಲದೆ, ಹೊರಬಿದ್ದ ಅನಿಲ ಪುಡಿಯ ನಡುವೆಯೇ ನಿಂತರೆ ಸುಣ್ಣದೊಡನೆ ಮರಳಿ ಕೂಡಿ, ಕ್ರಿಯೆಯನ್ನು ತಡೆಯುತ್ತದೆ. ಆದುದರಿಂದಲೇ ಪುಡಿ ಅತ್ಯಲ್ಪವಾಗಿರಬೇಕು, ಅನಿಲವನ್ನು ಒಯ್ಯುವ ಹರಿವು ಇರಬೇಕು. ಮೂರಕ್ಕೆ ಕಡಿಮೆಯಿಲ್ಲದ ವೇಗಗಳಲ್ಲಿ ಪ್ರಯೋಗ ನಡೆಸಿ, ಕಾಲುಭಾಗ, ಅರ್ಧ, ಮುಕ್ಕಾಲು ನಷ್ಟಗಳಿಗೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಉತ್ತರಗಳು ಬಹಳವಾಗಿ ಬದಲಾದರೆ, ಘಟ್ಟ ಒಂದೇ ಅಲ್ಲವೆಂದು ತಿಳಿಯತಕ್ಕದ್ದು.

ಇಷ್ಟು ಎಚ್ಚರವೇಕೆ? ವಿದ್ಯುತ್ ತಂತಿಯ ಹೊದಿಕೆ ಎಷ್ಟು ವರ್ಷ ಬಾಳೀತೆಂಬುದನ್ನೂ ಇಂತಹ ಲೆಕ್ಕದಿಂದಲೇ ಅಂದಾಜು ಮಾಡುವುದುಂಟು. ಕೆಲವು ಗಂಟೆಗಳ ಪ್ರಯೋಗದಿಂದ ಹಲವು ವರ್ಷಗಳ ಭವಿಷ್ಯವನ್ನು ನುಡಿಯುವಾಗ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಆ ಹೊದಿಕೆಯನ್ನು ನಂಬಿ ಮನೆಗಳಲ್ಲಿ ಜನ ನಿದ್ರಿಸುತ್ತಾರೆ. ಅಳತೆಯಲ್ಲಿ ಪ್ರಾಮಾಣಿಕತೆ ಬೇಕೆಂದು ಗುರುಗಳು ಪ್ರಯೋಗಶಾಲೆಯಲ್ಲಿ ಹೇಳುವ ಮಾತಿನ ಅರ್ಥವಿದೇ.