ನಾಲ್ಕು ಎಕ್ಕ ಬಂದರೆ ಕೈ ಬಿಡಿ

ಯುಗಾದಿ ಬಂತೆಂದರೆ ಊರ್ಡಿಗೆರೆ, ಗುಬ್ಬಿ, ಕುಣಿಗಲ್ ಕಡೆಯೆಲ್ಲ ಇಸ್ಪೀಟು ಹೊರಬೀಳುತ್ತದೆ. ಅಂದರ್-ಬಾಹರ್ ಆಡುವವನಿಗೆ ಎಲೆ ಆರಿಸುವ ತಲೆನೋವಿಲ್ಲ. ರಮ್ಮಿಯವನಿಗೆ ಎಲೆ ಜೋಡಿಸುವ ಕಣ್ಣು ಬೇಕು. ಅದೇ ಕಣ್ಣಿಟ್ಟುಕೊಂಡು ಒಮಾಹಾ ಹೈ-ಲೋ ಪೋಕರಿಗೆ ಕೂತರೆ ಮೊದಲ ನಾಲ್ಕು ಎಲೆಯಲ್ಲೇ ಎಡವಟ್ಟು.

ಆಟದ ಕಟ್ಟಳೆ ಇಷ್ಟು: ಕೈಗೆ ನಾಲ್ಕು ಎಲೆ, ನೆಲಕ್ಕೆ ಐದು. ಕೈಯಿಂದ ಎರಡೇ, ನೆಲದಿಂದ ಮೂರೇ ಸೇರಿಸಬೇಕು. ಪಣದ ಅರ್ಧ ದೊಡ್ಡ ಕೈಗೆ; ಇನ್ನರ್ಧ, ಎಂಟರವರೆಗಿನ ಐದು ಬೇರೆಬೇರೆ ಎಲೆ ಕೂಡಿಸಿದ ಸಣ್ಣ ಕೈಗೆ. ಸಣ್ಣದು ಯಾರಿಗೂ ಕೂಡದಿದ್ದರೆ ದೊಡ್ಡದಕ್ಕೇ ಪೂರ್ತಿ. ಎಕ್ಕ ಎರಡೂ ಕಡೆ ಸಲ್ಲುತ್ತದೆ.

ನಾಲ್ಕು ಎಕ್ಕ ಬಂದರೆ ಗೆದ್ದಂತೆ ಅನ್ನುತ್ತಾರೆ. ಆಡಲಿಕ್ಕಾಗುವುದು ಎರಡೇ, ನೆಲಕ್ಕೆ ಬೀಳಲು ಐದನೇ ಎಕ್ಕ ಎಲ್ಲಿಂದ ಬರಬೇಕು? ನಾಲ್ಕೂ ಆಟೀನ್ ಬಂದರೂ ಅದೇ ಕಥೆ: ಐದೆಲೆಯೂ ಒಂದೇ ಜಾತಿಯಾಗಲು ಬೇಕಾದ ಆಟೀನನ್ನು ನೀವೇ ಹಿಡಿದು ಕೂತಿರುತ್ತೀರಿ. ಎರಡು ಹಿಡಿದವನಿಗೆ ಹೊರಗೆ 11 ಉಳಿದಿದ್ದರೆ ನಿಮಗೆ 9.

ರಮ್ಮಿಯವರನ್ನು ಹೆಚ್ಚು ಮೋಸಗೊಳಿಸುವುದು 6-7-8-9. ಸಾಲು ಕೂಡಿದ್ದು ಕಂಡರೆ ಬಿಡಲು ಮನಸ್ಸೇ ಬರುವುದಿಲ್ಲ. ಆದರೆ ಇದರಲ್ಲಿ ಸಣ್ಣ ಕೈ ಕೂಡಿದರೂ ಹೆಚ್ಚಾಗಿ ಇನ್ನೊಬ್ಬನದು ಅದಕ್ಕಿಂತ ಸಣ್ಣದಿರುತ್ತದೆ. ದೊಡ್ಡ ಕೈ ಗೆದ್ದರೂ ಎಷ್ಟೋ ಸಲ ಅರ್ಧ ಪಣ ಸಣ್ಣದಕ್ಕೆ ಹೋಗುತ್ತದೆ.

ಎಕ್ಕ-ಎರಡು ಇದ್ದರೆ ಭಯವಿಲ್ಲ ಎಂಬ ಮಾತು ಅರ್ಧ ನಿಜ. ಮೂವರು ತಲಾ 300 ಚಿಪ್ಸ್ ಹಾಕಿದರೆ ಪಣ 900. ಇಬ್ಬರ ಕೈಯಲ್ಲಿ ಎಕ್ಕ-ಎರಡು ಇದ್ದು ಮೂರನೆಯವನು ದೊಡ್ಡದರ 450 ಒಯ್ದರೆ, ಇವರಿಬ್ಬರಿಗೆ ತಲಾ 225. ಸಣ್ಣ ಕೈ ಗೆದ್ದೂ 75 ನಷ್ಟ! ನೆಲಕ್ಕೆ ಇನ್ನೊಂದು ಎರಡು ಬಿದ್ದರಂತೂ ನಿಮ್ಮ ಎರಡಕ್ಕೆ ಬೆಲೆಯೇ ಇಲ್ಲ. ಜೊತೆಗೊಂದು ಮೂರು ಇದ್ದರೆ ಆಗ ಎಕ್ಕ-ಮೂರು ಕಾಯುತ್ತದೆ. ಎರಡು ಎಕ್ಕ, ಎರಡು, ಮೂರು, ಅದರಲ್ಲೂ ಎರಡೆರಡು ಒಂದೊಂದು ಜಾತಿಯವು: ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ನಾಲ್ಕೆಲೆಯೊಳಗೆ ಆರು ಜೋಡಿಗಳಿವೆ. ಒಂದೊಂದನ್ನೂ ತೂಗಿ ನೋಡಿ, ಒಂದೇ ಜೋಡಿ ಕೆಲಸದ್ದಾದರೆ ಎಸೆಯಿರಿ.

ಕೊನೆಯ ಭ್ರಮೆ, ಇಷ್ಟು ಲೆಕ್ಕಾಚಾರದ ಆಟವಾದ್ದರಿಂದ ಮೊಬೈಲಿನಲ್ಲಿ ದುಡ್ಡಿಟ್ಟು ಆಡಬಹುದು ಎಂಬುದು. ಇಂಥ ಆಟಗಳನ್ನು ನಿಷೇಧಿಸಿದ್ದ ಕರ್ನಾಟಕದ 2021ರ ಕಾಯ್ದೆ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿದ್ದು ಹೌದು. ಆದರೆ 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ ನಿಷೇಧಿಸುತ್ತದೆ.