ನಡೆದರೆ ನಾಳಕ್ಕೆ ಆರಾಮ

ದೇಹ ಅಲ್ಲಾಹನು ನಮಗೆ ಕೊಟ್ಟ ಅಮಾನತ್. ಆದರೂ ಉಡಿಗಾಲದಲ್ಲಿ ನಮ್ಮಲ್ಲಿ ಹಲವರು ಪಕ್ಕದ ಬೀದಿಯ ಮಸೀದಿಗೂ ಬೈಕ್ ಹತ್ತುತ್ತೇವೆ.

ಚುರುಕಾಗಿ ನಡೆದಾಗ ರಕ್ತ ಜೋರಾಗಿ ಹರಿಯುತ್ತದೆ. ಆಗ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ. ನಾಳ ಸಡಿಲವಾಗಿ ಹಿಗ್ಗುತ್ತದೆ. ನಡೆಯುವಾಗ ಏರಿದ ಬಿ.ಪಿ. ಆಮೇಲೆ ಇಳಿಯುತ್ತದೆ. ಕೆಲವು ವಾರ ಬಿಡದೆ ನಡೆದರೆ, ಬಿ.ಪಿ. ಇರುವವರಲ್ಲಿ ಮೇಲಿನ ಅಂಕಿ ಸುಮಾರು 5ರಿಂದ 8ರಷ್ಟು ತಗ್ಗಬಹುದು. ನಿಲ್ಲಿಸಿದರೆ ಆ ಲಾಭವೂ ಹೋಗುತ್ತದೆ.

ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ ನಡೆಯೋಣ. ಮನೆಯ ಹೆಂಗಸರಿಗೂ ಈ ಬಿಡುವು ಮಾಡಿಕೊಡುವುದು ನಮ್ಮ ಹೊಣೆ. ನಡೆಯುತ್ತಿದ್ದೇವೆಂದು ಮಾತ್ರೆ ಮಾತ್ರ ಬಿಡಬಾರದು, ಏರಿದ ಬಿ.ಪಿ. ಸುಳಿವೇ ಕೊಡದೆ ಲಕ್ವ ತರಬಹುದು. ನಡೆಯುವಾಗ ಎದೆ ನೋವು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣೋಣ.

ನಾಳೆ ಫಜ್ರ್ ನಮಾಝಿಗೆ ನಡೆದೇ ಬರೋಣ, ಇನ್‌ಶಾ ಅಲ್ಲಾಹ್.