ಗೇರುಸೊಪ್ಪೆಯಲ್ಲಿಲ್ಲದ ಗೇರುಸೊಪ್ಪೆ ಜಲಪಾತ

ಅಂಟಾರ್ಕ್ಟಿಕದಲ್ಲಿ ಭಾರತದ ಮೈತ್ರಿ ಕೇಂದ್ರ ನಿಂತಿರುವ ಬಂಡೆನೆಲಕ್ಕೆ ಶಿರ್ಮಾಕರ್ ಓಯಸಿಸ್ ಎಂದು ಹೆಸರು. ಶಿರ್ಮಾಕರ್ ಎಂಬಾತ 1939ರಲ್ಲಿ ಅದರ ಮೇಲೆ ಹಾರಿದ ಜರ್ಮನ್ ಪೈಲಟ್. ಅಲ್ಲಿಗೇ ಇಳಿಯುವ ಒಂದು ಹಿಮನದಿಯನ್ನು ನಮ್ಮ ವಿಜ್ಞಾನಿಗಳು ದಕ್ಷಿಣ ಗಂಗೋತ್ರಿ ಎಂದು ಕರೆದರು. ಊರಿಲ್ಲದ ಸೀಮೆ, ತಕರಾರು ತೆಗೆಯುವವರೂ ಇಲ್ಲ. ಬಂದವರು ಇಟ್ಟದ್ದೇ ಹೆಸರು. ಜನವಸತಿ ಇರುವ ಕಡೆ ಹೀಗಾಗದು ಅನ್ನುವವರು ಶರಾವತಿಯ ದಾರಿಯನ್ನು ಒಮ್ಮೆ ನೋಡಬೇಕು. ನಕಾಶೆಯ ಹೆಸರು ಎಷ್ಟೋ ಸಲ ಜಾಗದ ಗುರುತಲ್ಲ, ಹೆಸರಿಟ್ಟವರು ಯಾವ ಕಡೆಯಿಂದ ಬಂದರು ಎಂಬುದರ ಗುರುತು.

ಹೊಳೆ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರದ ಸೀಮೆ ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಬ್ರಿಟಿಷರ ಪುಸ್ತಕಗಳಲ್ಲಿ ಮಾತ್ರ ಇದು ಬಹುಕಾಲ ಗೇರುಸೊಪ್ಪೆ ಜಲಪಾತ. ಗೇರುಸೊಪ್ಪೆ ಇರುವುದು ಘಟ್ಟದ ಕೆಳಗೆ, ಹೊನ್ನಾವರ ತಾಲ್ಲೂಕಿನಲ್ಲಿ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಮಾಲೆಮನೆ ಘಟ್ಟ ಹತ್ತಿ ಜಲಪಾತ ನೋಡಿದವರಿಗೆ ದಾರಿಯಲ್ಲಿ ಸಿಕ್ಕ ದೊಡ್ಡ ಹೆಸರು ಅದೊಂದೇ. ಮೈಸೂರಿನ ಕಡೆಯಿಂದ, ಸಾಗರದ ಮೇಲೆ ಬಂದಿದ್ದರೆ ಆ ಹೆಸರು ಅವರ ಕಿವಿಗೂ ಬೀಳುತ್ತಿರಲಿಲ್ಲ. ಧಾರೆಗಳ ಕಥೆಯೂ ಬೇರೆಯಲ್ಲ: ರೋರರ್, ರಾಕೆಟ್ ಎಂಬ ಇಂಗ್ಲಿಷ್ ಹೆಸರುಗಳು ಇಂದಿಗೂ ನಿಂತಿವೆ, ನಾಲ್ಕನೆಯದಕ್ಕೆ ಅವರಿಟ್ಟ ಫ್ರೆಂಚ್ ಹೆಸರು 'ದಾಮ್ ಬ್ಲಾಂಶ್' ಮಾತ್ರ ಯಾರ ಬಾಯಿಗೂ ಹತ್ತದೆ ರಾಣಿ ಎಂಬ ಹೆಸರಿಗೆ ಜಾಗ ಬಿಟ್ಟಿತು.

ಗೇರುಸೊಪ್ಪೆಯೂ ಕನ್ನಡದ ಊರೇ, ಚೆನ್ನಭೈರಾದೇವಿ ಆಳಿದ ನೆಲ, ಆ ಹೆಸರಿಟ್ಟರೆ ತಪ್ಪೇನು ಎಂದು ಕೇಳಬಹುದು. ಊರಿನ ಹಿರಿಮೆಯ ಪ್ರಶ್ನೆ ಇದಲ್ಲ. ಘಟ್ಟದ ಕೆಳಗಿನ ಹೆಸರು ಮೇಲಿನ ನೀರಿಗೆ ಅಂಟಿಕೊಂಡಿತಲ್ಲ, ಅದು ಮಾತು. ಇದು ಪರದೇಶದವರ ಚಾಳಿ ಮಾತ್ರ ಎಂದರೂ ಸರಿಯಾಗದು. 1763ರಲ್ಲಿ ಹೈದರಾಲಿ ಕೆಳದಿ ಅರಸರ ಬಿದನೂರನ್ನು ಹಿಡಿದು ಹೈದರನಗರ ಮಾಡಿದ, ಅದೇ ಈಗಿನ ನಗರ. ಮುಂದೆ ತಾಲ್ಲೂಕು ಕಚೇರಿ ಕಲ್ಲೂರುಕಟ್ಟೆಗೆ ಬಂದಾಗ ಆ ಊರು ಹೊಸನಗರವಾಯಿತು. ಬಂದದ್ದು ದೋಣಿಯೋ ದಂಡೋ ಕಚೇರಿಯ ಕಡತವೋ, ಹೆಸರು ಅದರ ಬೆನ್ನಿಗೇ ಬಂತು. ಆದರೆ ಎಲ್ಲ ಸಲವೂ ಬಂದವರದ್ದೇ ಗೆಲ್ಲುವುದಿಲ್ಲ. ಇದೇ ಹೊಳೆಗೆ ಕಟ್ಟಿ 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟನ್ನು 1964ರ ಲಿಂಗನಮಕ್ಕಿಯ ಹಿನ್ನೀರು ಮುಳುಗಿಸಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ತಲೆಯೆತ್ತಿದರೆ ನೋಡಲು ಹೊರಡುವ ಜನ ಕಡತದ ಹೆಸರಾದ ಹಿರೇಭಾಸ್ಕರ ಅನ್ನುವುದು ಕಡಿಮೆ, ಮಡೆನೂರು ಡ್ಯಾಂ ಎಂದೇ ಹೇಳುತ್ತಾರೆ.